ಕಾಣುವ ಬಾಕು, ಕಾಣದ ಪಿಸ್ತೂಲು

ಅಲ್ ಮಬೇಲಾದಲ್ಲಿ ನೆಲೆಸಿರುವ ನಮ್ಮ ಸದಸ್ಯ ಕುಟುಂಬಗಳ ಮಕ್ಕಳು ಈದ್ ಹಬ್ಬದಲ್ಲಿಯೂ ನೆರೆಮನೆಯ ಮದುವೆಗಳಲ್ಲಿಯೂ ಒಮಾನಿ ಗಂಡಸರ ಸೊಂಟದ ನಡುವೆ ಹೊಳೆಯುವ ಖಂಜರನ್ನು ನೋಡಿಯೇ ಬೆಳೆಯುತ್ತಾರೆ. ಕೊಡಗಿನ ಮೂಲದ ಮನೆಗಳ ಮಕ್ಕಳು ಊರಿನ ಮದುವೆಯ ಭಾವಚಿತ್ರಗಳಲ್ಲಿ ಅಜ್ಜನ ಸೊಂಟದ ಪೀಚೆಕತ್ತಿಯನ್ನೂ ಕಂಡಿರುತ್ತಾರೆ. ಇದೇ ಮಕ್ಕಳು ಚಲನಚಿತ್ರಗಳಲ್ಲಿಯೂ ಮೊಬೈಲ್ ಆಟಗಳಲ್ಲಿಯೂ ಕೋಟಿನ ಅಡಿಯಿಂದ ಕ್ಷಣಾರ್ಧದಲ್ಲಿ ಪಿಸ್ತೂಲು ಹೊರತೆಗೆಯುವ ನಾಯಕನನ್ನು ಬೆರಗಿನಿಂದ ನೋಡುತ್ತಾರೆ. ಎರಡೂ ಆಯುಧಗಳೇ ಅಲ್ಲವೇ, ಒಂದಕ್ಕೆ ಗೌರವ, ಇನ್ನೊಂದಕ್ಕೆ ಭಯ ಏಕೆ ಎಂದು ಮಕ್ಕಳು ಕೇಳಿದರೆ ನಾವು ಏನೆಂದು ಉತ್ತರಿಸಬೇಕು? ಇತಿಹಾಸದಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವಿದೆ ಎಂಬುದು ನಮ್ಮ ನಂಬಿಕೆ.

ಮೊದಲು ಖಂಜರನ್ನೇ ನೋಡೋಣ. ಅದನ್ನು ಧರಿಸುವುದು ಹೊಟ್ಟೆಯ ಮುಂಭಾಗದಲ್ಲಿ, ಉಡುಪಿನ ಮೇಲೆ, ಎಲ್ಲರ ಕಣ್ಣಿಗೂ ಬೀಳುವಂತೆ. ಬೆಳ್ಳಿಯ ಕೆಲಸವುಳ್ಳ ಒರೆ ತುದಿಯಲ್ಲಿ ಬಲವಾಗಿ ಬಾಗಿ ಮೇಲಕ್ಕೆ ತಿರುಗಿರುತ್ತದೆ. ಒಳಗಿನ ಅಲಗು ಅಷ್ಟು ಬಾಗಿರುವುದಿಲ್ಲ, ಅಷ್ಟು ಉದ್ದವೂ ಇರುವುದಿಲ್ಲ. ಒರೆಯ ತುದಿ ಕೇವಲ ಅಲಂಕಾರ. ಕಾರಣವಿಲ್ಲದೆ ಖಂಜರನ್ನು ಒರೆಯಿಂದ ಎಳೆಯುವುದು ಹಿಂದಿನ ಕಾಲದಲ್ಲಿ ಮರ್ಯಾದೆಗೆಟ್ಟ ನಡತೆ ಎನಿಸಿತ್ತು. ಎಳೆದವನು ಅದರ ಪರಿಣಾಮವನ್ನು ಹೊರಲು ಸಿದ್ಧನಾಗಿಯೇ ಎಳೆಯಬೇಕಾಗಿತ್ತು. 1970ರಲ್ಲಿ ಅಂಗೀಕೃತವಾದ ಒಮಾನಿನ ಧ್ವಜದಲ್ಲಿ ಎರಡು ಖಡ್ಗಗಳೊಡನೆ ಇರುವ ಖಂಜರು ಒರೆಯೊಳಗೇ ಇದೆ. 2022ರಲ್ಲಿ ಯುನೆಸ್ಕೋ ಖಂಜರಿನ ಕುಶಲಕಲೆಯನ್ನೂ ಅದಕ್ಕೆ ಸಂಬಂಧಿಸಿದ ಸಾಮಾಜಿಕ ಆಚರಣೆಗಳನ್ನೂ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೊಡಗಿನ ಸಂಪ್ರದಾಯವೂ ಇದಕ್ಕೆ ಬಹಳ ಹತ್ತಿರವಾದುದು. ಕಪ್ಪು ಕುಪ್ಯದ ಮೇಲೆ ಕಟ್ಟಿದ ಕೆಂಪು ರೇಷ್ಮೆಯ ಚೇಲೆಯಲ್ಲಿ ಪೀಚೆಕತ್ತಿ ಮುಂಭಾಗದಲ್ಲಿಯೇ ಇರುತ್ತದೆ. ಅಗಲವಾದ ಅಲಗಿನ ಒಡಿಕತ್ತಿಯನ್ನು ಬೆನ್ನ ಹಿಂದೆ ತೊಡಂಗ್ ಎಂಬ ಲೋಹದ ಕೊಂಡಿಗೆ ಸಿಕ್ಕಿಸುತ್ತಾರೆ. ಅದಕ್ಕೆ ಒರೆಯೇ ಇಲ್ಲ. ಹಿಂದೆ ನಡೆಯುವವನಿಗೆ ಬರಿಯ ಅಲಗು ಕಾಣುತ್ತಲೇ ಇರುತ್ತದೆ. ಮದುವೆಯಲ್ಲಿ ಆ ಕತ್ತಿಯಿಂದ ಬಾಳೆಯ ಕಂಬವನ್ನು ಕಡಿಯುವುದು ಸಭೆಯ ಮುಂದೆ ನಡೆಯುವ ಗೌರವದ ಕ್ರಿಯೆ. ಸೆಪ್ಟೆಂಬರ್ ತಿಂಗಳ ಕೈಲ್ ಮುಹೂರ್ತದಂದು ಕತ್ತಿ ಕೋವಿಗಳನ್ನು ಮನೆಯಲ್ಲಿ ಇರಿಸಿ, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸುವ ರೂಢಿಯಲ್ಲಿ ಕೋವಿಯು ಊರಿಗೆ ಸುದ್ದಿ ಮುಟ್ಟಿಸುವ ಸಾಧನವೂ ಆಗಿತ್ತು.

1857ರ ದಂಗೆಯ ನಂತರ ಬ್ರಿಟಿಷರು ದೇಶದ ಜನರಿಂದ ಆಯುಧಗಳನ್ನು ಕಸಿದುಕೊಳ್ಳತೊಡಗಿದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರು ಕೊಡವರಿಗೆ ಅದರಿಂದ ವಿನಾಯಿತಿ ಸಾರಿದರು. ಸ್ವಾತಂತ್ರ್ಯಾನಂತರವೂ, 1959ರ ಆಯುಧ ಕಾಯಿದೆಯ ಅಡಿಯಲ್ಲಿಯೂ ವಿನಾಯಿತಿ ಉಳಿಯಿತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷಗಳಿಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯಲ್ಲಿ 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಎತ್ತಿಹಿಡಿಯಿತು.

ಕನ್ನಡ ನುಡಿಯಲ್ಲಿಯೂ ಈ ಪ್ರಕಟತೆಯ ಗುರುತಿದೆ. ಒರೆಯಿಂದ ಕತ್ತಿಯನ್ನು ಹೊರತೆಗೆಯುವುದಕ್ಕೆ ನಮ್ಮಲ್ಲಿ ‘ಹಿರಿ’ ಎಂಬ ಪ್ರತ್ಯೇಕ ಕ್ರಿಯಾಪದವೇ ಇದೆ. ಒರೆಯಿಂದ ಹೊರಬಂದ ಕತ್ತಿಗೆ ‘ಬಿಚ್ಚುಗತ್ತಿ’ ಎಂಬ ಹೆಸರಿದೆ. ಚಿತ್ರದುರ್ಗದ ಪಾಳೆಯಗಾರ ಭರಮಣ್ಣನಾಯಕನಿಗೆ ಅದೇ ಬಿರುದಾಗಿ ಉಳಿಯಿತು. ಕತ್ತಿ ಹಿರಿಯುವುದು ಎದುರಾಳಿಯ ಮುಂದೆ ನಡೆಯುವ ಕ್ರಿಯೆ. ಎದುರಾಳಿಗೆ ಸರಿದು ನಿಲ್ಲಲು, ತನ್ನ ಕತ್ತಿಯನ್ನು ಹಿರಿಯಲು, ಇಲ್ಲವೇ ಮಾತಿಗೆ ಬರಲು ಅದರಿಂದ ಒಂದಿಷ್ಟು ಕಾಲ ಸಿಗುತ್ತಿತ್ತು.

ಹಾಗೆಂದು ಹಿಂದಿನವರು ಆಯುಧಗಳನ್ನು ಬಚ್ಚಿಡುತ್ತಿರಲಿಲ್ಲ ಎಂದಲ್ಲ. 1659ರ ನವೆಂಬರ್ 10ರಂದು ಪ್ರತಾಪಗಡದ ತಪ್ಪಲಿನಲ್ಲಿ ಬಿಜಾಪುರದ ಸೇನಾನಿ ಅಫ್ಜಲ್ ಖಾನನೂ ಶಿವಾಜಿಯೂ ಭೇಟಿಯಾದಾಗ ಅಂಗೈಯಲ್ಲಿ ಅಡಗಿದ್ದ ವ್ಯಾಘ್ರನಖದ ಪ್ರಸಂಗವನ್ನು ನಾವೆಲ್ಲರೂ ಶಾಲೆಯಲ್ಲಿ ಕೇಳಿದ್ದೇವೆ. ಮೊದಲು ಕೈ ಎತ್ತಿದವರು ಯಾರು ಎಂಬ ವಿಷಯದಲ್ಲಿ ಮರಾಠಿ ಬಖರುಗಳಿಗೂ ಪರ್ಷಿಯನ್ ಬರಹಗಳಿಗೂ ಭಿನ್ನಾಭಿಪ್ರಾಯವಿದೆ. ಆದರೂ ಅಂತಹ ಆಯುಧವನ್ನು ಬಳಸಬೇಕಾದರೆ ಅಪ್ಪುಗೆಯಷ್ಟು ಹತ್ತಿರ ಬರಬೇಕಾಗಿತ್ತು. ಬಂದೂಕು ಬಟ್ಟೆಯ ಅಡಿಗೆ ಸೇರಿದ ಮೇಲೆ ಆ ಮಿತಿಯೂ ಅಳಿಯಿತು.

ಬಂದೂಕು ಮೊದಲಿಗೆ ಬಚ್ಚಿಡಲಾಗದ ವಸ್ತುವೇ ಆಗಿತ್ತು. 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನಿಗೆ ನೆರವಾದ ಪೋರ್ಚುಗೀಸ್ ಕ್ರಿಸ್ಟೋವಾವ್ ದೆ ಫಿಗೆರೆದೊನ ತಂಡದವರ ಬಂದೂಕುಗಳು ಉರಿಯುವ ಬತ್ತಿಯಿಂದ ಸಿಡಿಯುವಂಥವು. ಅದೇ ಪೋರ್ಚುಗೀಸರು 1507ರಿಂದ 1650ರವರೆಗೆ ಮಸ್ಕತ್ತನ್ನು ಹಿಡಿದಿದ್ದರು. ಒಮಾನಿನಲ್ಲಿ ಇಂತಹ ಬಂದೂಕಿಗೆ ‘ಅಬು ಫತೀಲಾ’, ಅಂದರೆ ‘ಬತ್ತಿಯಪ್ಪ’, ಎಂಬ ಹೆಸರೇ ಬಿದ್ದಿತು. ಕೆಂಡ ಹಿಡಿದ ಬತ್ತಿಯನ್ನು ನಿಲುವಂಗಿಯ ಒಳಗೆ ಇಟ್ಟುಕೊಳ್ಳಲು ಯಾರಿಂದ ತಾನೇ ಸಾಧ್ಯ? ಹೊಗೆ, ವಾಸನೆ, ಬೆಳಕು ಮೂರೂ ಮುಂಚಿತವಾಗಿ ಎಚ್ಚರಿಕೆ ಕೊಡುತ್ತಿದ್ದವು.

ಹದಿನಾರನೆಯ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಹರಡಿದ ವೀಲ್‌ಲಾಕ್ ಎಂಬ ಯಂತ್ರ ಈ ಎಚ್ಚರಿಕೆಯನ್ನು ಇಲ್ಲವಾಗಿಸಿತು. ಸ್ಪ್ರಿಂಗ್‌ನಿಂದ ತಿರುಗುವ ಪುಟ್ಟ ಚಕ್ರ ಖನಿಜದ ತುಂಡಿಗೆ ಉಜ್ಜಿ ಕಿಡಿ ಹಾರಿಸುತ್ತಿದ್ದುದರಿಂದ ಬತ್ತಿ ಬೇಕಿರಲಿಲ್ಲ. ಮದ್ದುಗುಂಡು ತುಂಬಿದ ಚಿಕ್ಕ ಪಿಸ್ತೂಲನ್ನು ಮೇಲಂಗಿಯ ಅಡಿಯಲ್ಲಿ ಇಟ್ಟುಕೊಂಡು ತಿರುಗಬಹುದಾಯಿತು. ಅಪಾಯವನ್ನು ಅರಿತ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ 1517ರಲ್ಲಿಯೇ ತನ್ನ ಆಳ್ವಿಕೆಯ ನಾಡುಗಳಲ್ಲಿ ಅದನ್ನು ನಿಷೇಧಿಸಿದನು. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಕಾಲದ 1541ರ ಕಾಯಿದೆ ಒಂದು ಗಜಕ್ಕಿಂತ ಗಿಡ್ಡವಾದ ಕೈಬಂದೂಕನ್ನು ಬಹಿಷ್ಕರಿಸಿತು. ಬಟ್ಟೆಯೊಳಗೆ ಅಡಗದಷ್ಟು ಉದ್ದವಿರಲಿ ಎಂಬುದೇ ಆ ಅಳತೆಯ ತಾತ್ಪರ್ಯ. ಕಾಯಿದೆಗಳು ಸಾಲಲಿಲ್ಲ. 1584ರ ಜುಲೈ 10ರಂದು ಡೆಲ್ಫ್ಟ್ ಪಟ್ಟಣದಲ್ಲಿ ಊಟ ಮುಗಿಸಿ ಹೊರಬಂದ ಡಚ್ಚರ ನಾಯಕ ಆರೆಂಜಿನ ವಿಲಿಯಂ, ಅರ್ಜಿದಾರನಂತೆ ಬಂದು ಕಾದಿದ್ದ ಬಾಲ್ತಸಾರ್ ಜೆರಾರನ ಪಿಸ್ತೂಲಿಗೆ ಬಲಿಯಾದನು. ಗೋಡೆಗೆ ಬಿದ್ದ ಗುಂಡಿನ ಗುರುತುಗಳನ್ನು ಆ ಮನೆಯಲ್ಲಿ ಇಂದಿಗೂ ತೋರಿಸುತ್ತಾರೆ.

ಮುಂದಿನ ಶತಮಾನಗಳಲ್ಲಿ ಯಂತ್ರಗಳು ಇನ್ನೂ ಕಿರಿದಾದವು. 1865ರ ಏಪ್ರಿಲ್ 14ರಂದು ಅಧ್ಯಕ್ಷ ಲಿಂಕನ್ನರನ್ನು ನಾಟಕಶಾಲೆಯಲ್ಲಿ ಕೊಂದದ್ದು ಅಂಗೈಯಲ್ಲಿ ಅಡಗುವಂತಹ, ಒಂದೇ ಗುಂಡಿನ ಡೆರಿಂಜರ್ ಪಿಸ್ತೂಲು. ರಿವಾಲ್ವರ್ ಬಂದಾಗ ಹೊಸ ತೊಡಕೊಂದು ಕಾಣಿಸಿತು. ಹಿಂಬದಿಯಲ್ಲಿ ಕೊಕ್ಕಿನಂತೆ ಚಾಚಿದ ಹ್ಯಾಮರ್ ಜೇಬಿನ ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು. 1880ರ ದಶಕದಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ಹ್ಯಾಮರನ್ನು ಚೌಕಟ್ಟಿನ ಒಳಗೇ ಮುಚ್ಚಿದ ಮಾದರಿಯನ್ನು ಹೊರತಂದಿತು. ಬ್ರೌನಿಂಗ್ ರೂಪಿಸಿದ 1910ರ ಪಿಸ್ತೂಲು ಮೈಯೆಲ್ಲ ನುಣುಪಾಗಿತ್ತು. 1914ರ ಜೂನ್ 28ರಂದು ಸರಾಯೆವೊದಲ್ಲಿ ಸಿಡಿದು ಮೊದಲ ಮಹಾಯುದ್ಧಕ್ಕೆ ನೆಪವಾದದ್ದು ಆ ಮಾದರಿಯೇ. ಚಲನಚಿತ್ರದಲ್ಲಿ ನಾವು ಮೆಚ್ಚುವ ‘ಸಲೀಸಾಗಿ ಹೊರತೆಗೆಯುವ’ ಚಾತುರ್ಯದ ಹಿಂದೆ ಇಷ್ಟು ಕಾಲದ ಪ್ರಯತ್ನವಿದೆ: ಬತ್ತಿ ಹೋಯಿತು, ಉದ್ದ ಹೋಯಿತು, ಚಾಚಿದ ಕೊಕ್ಕೂ ಹೋಯಿತು. ಎದುರಿಗಿದ್ದವನಿಗೆ ಸಿಗುತ್ತಿದ್ದ ಸೂಚನೆಗಳೆಲ್ಲ ಹೀಗೆ ಒಂದೊಂದಾಗಿ ಕಳಚಿಹೋದವು.

ವೈದ್ಯವೃತ್ತಿಯವರಾದ ನಮಗೆ ಇದರ ಅರ್ಥ ಇನ್ನಷ್ಟು ನೇರವಾಗಿ ತಿಳಿಯುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಆರೋಗ್ಯವಂತನ ಕೈ ಪ್ರತಿಕ್ರಿಯಿಸಲು ಸುಮಾರು ಕಾಲು ಸೆಕೆಂಡ್ ಬೇಕು, ಕಂಡದ್ದು ಏನೆಂದು ಅರಿತು ಓಡಲು ಇನ್ನೂ ಹೆಚ್ಚು ಬೇಕು. ಬಚ್ಚಿಟ್ಟ ಪಿಸ್ತೂಲು ಅಷ್ಟು ಅವಕಾಶವನ್ನೂ ಕೊಡುವುದಿಲ್ಲ. ಎದೆಯ ದೊಡ್ಡ ರಕ್ತನಾಳಗಳಿಗೆ ಗುಂಡು ತಗುಲಿದರೆ ಶಸ್ತ್ರಚಿಕಿತ್ಸಕನ ಬಳಿಯಿರುವುದು ಕೆಲವೇ ನಿಮಿಷಗಳು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ವಚನ ಸಾಹಿತ್ಯದ ವಿದ್ವಾಂಸರೂ ಹಂಪಿ ಕನ್ನಡ ವಿಶ್ವವಿದ್ಯಾಲಯದ ಮಾಜಿ ಕುಲಪತಿಗಳೂ ಆದ ಎಂ. ಎಂ. ಕಲಬುರ್ಗಿಯವರು ತಮ್ಮ ಮನೆಯ ಬಾಗಿಲಲ್ಲಿ ಗುಂಡೇಟಿಗೆ ಬಲಿಯಾದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶರೂ ತಮ್ಮ ಮನೆಯ ಮುಂದೆಯೇ ಹತರಾದರು. ಬಾಗಿಲಿಗೆ ಬಂದವರನ್ನು ‘ಬನ್ನಿ’ ಎನ್ನುವುದು ನಮ್ಮ ಮನೆಗಳ ರೂಢಿ. ಅಡಗಿಸಿದ ಪಿಸ್ತೂಲು ಆ ವಿಶ್ವಾಸವನ್ನೇ ಮೊದಲು ಕೊಲ್ಲುತ್ತದೆ.

ಆದ್ದರಿಂದ ಮಕ್ಕಳ ಪ್ರಶ್ನೆಗೆ ಹೀಗೆ ಉತ್ತರಿಸಬಹುದೆಂದು ನಮಗೆ ತೋರುತ್ತದೆ. ಖಂಜರನ್ನಾಗಲಿ ಪೀಚೆಕತ್ತಿಯನ್ನಾಗಲಿ ಧರಿಸಿದವನು ತನ್ನಲ್ಲಿ ಆಯುಧವಿದೆ ಎಂದು ಊರಿಗೆಲ್ಲ ಹೇಳಿಕೊಂಡಂತೆ. ಅವನ ಕೈಯನ್ನು ಊರೇ ಕಾಯುತ್ತಿರುತ್ತದೆ, ಮನೆತನದ ಮಾನವೂ ಅದರೊಡನೆ ಕಟ್ಟಿಕೊಂಡಿರುತ್ತದೆ. ಬಟ್ಟೆಯ ಅಡಿಯ ಪಿಸ್ತೂಲಿಗೆ ಅಂತಹ ಸಾಕ್ಷಿಗಳಿಲ್ಲ. ಅದನ್ನು ಹತೋಟಿಯಲ್ಲಿಡಲು ಪರವಾನಗಿ, ತನಿಖೆ, ನ್ಯಾಯಾಲಯಗಳೇ ಬೇಕು.

ಊರಿಗೆ ಹೊರಡುವವರಿಗೆ ಒಂದು ಮಾತು. ನೆನಪಿನ ಕಾಣಿಕೆಯಾಗಿ ಕೊಂಡ ಖಂಜರನ್ನು ಕೈಚೀಲದಲ್ಲಿ ಇಟ್ಟರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತಡೆಯುತ್ತಾರೆ. ವಿಮಾನ ಸಂಸ್ಥೆಯನ್ನು ಮೊದಲೇ ವಿಚಾರಿಸಿ ದೊಡ್ಡ ಪೆಟ್ಟಿಗೆಯಲ್ಲಿ ಇಡುವುದು ಒಳ್ಳೆಯದು. ಊರಿನ ಮನೆಯಲ್ಲಿ ಕೋವಿಯಿದ್ದರೆ, ರಜೆಗೆ ಹೋದ ಮಕ್ಕಳ ಕೈಗೆ ಸಿಗದಂತೆ ಗುಂಡು ತೆಗೆದು ಬೀಗ ಹಾಕಿರುವುದನ್ನು ದಯವಿಟ್ಟು ಖಚಿತಪಡಿಸಿಕೊಳ್ಳಿ. ಕೊಡಗಿನ ಸದಸ್ಯ ಕುಟುಂಬಗಳು ತಮ್ಮ ಮನೆತನದ ಪೀಚೆಕತ್ತಿಯ ಚಿತ್ರವನ್ನೂ ಅದರ ಕಥೆಯನ್ನೂ ಮುಂದಿನ ಸಂಚಿಕೆಗೆ ಕಳುಹಿಸಿಕೊಟ್ಟರೆ ಸಂತೋಷದಿಂದ ಪ್ರಕಟಿಸುತ್ತೇವೆ.