ಕಿವಿಯ ರಚನೆ ಮತ್ತು ಶ್ರವಣದೋಷ ಪ್ರಮಾಣ ಪತ್ರ: ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಶ್ರವಣದೋಷವುಳ್ಳವರು ವಿಶಿಷ್ಟ ಗುರುತಿನ ಚೀಟಿಗೆ (ಯುಡಿಐಡಿ) ಅರ್ಜಿ ಸಲ್ಲಿಸಿದಾಗ ವೈದ್ಯಕೀಯ ವರದಿಯಲ್ಲಿ ದೋಷವು ಕಿವಿಯ ಯಾವ ಭಾಗದಲ್ಲಿದೆ ಎಂಬುದನ್ನು ನಮೂದಿಸಲಾಗುತ್ತದೆ. ಆ ವಿವರವನ್ನು ಅರ್ಜಿದಾರರು ತಿಳಿದುಕೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

ಕಿವಿಯಲ್ಲಿ ಹೊರಕಿವಿ, ನಡುಕಿವಿ ಮತ್ತು ಒಳಕಿವಿ ಎಂಬ ಮೂರು ಭಾಗಗಳಿವೆ. ಹೊರಕಿವಿಯು ಹಾಲೆ ಹಾಗೂ ಸುಮಾರು 2.5 ಸೆಂ.ಮೀ. ಉದ್ದದ ನಾಳವನ್ನು ಒಳಗೊಂಡಿದ್ದು, ನಾಳದ ತುದಿಯಲ್ಲಿ ಕಿವಿಯ ತಮಟೆ ಇರುತ್ತದೆ. ನಾಳದಲ್ಲಿ ಉತ್ಪತ್ತಿಯಾಗುವ ಗುಗ್ಗೆಯು ಕೊಳೆಯಲ್ಲ, ಚರ್ಮದ ರಕ್ಷಣೆಗಾಗಿ ಇರುವಂಥದ್ದು. ಮಲೆನಾಡಿನ ದೀರ್ಘ ಮಳೆಗಾಲದಲ್ಲಿ ನಾಳವು ತೇವವಾಗಿಯೇ ಉಳಿದರೆ ಬೂಷ್ಟು ಬೆಳೆಯುವ ಸಂಭವವಿರುತ್ತದೆ. ಕಾಯಿಸಿದ ಎಣ್ಣೆ ಬಿಡುವ ರೂಢಿ ಇದಕ್ಕೆ ಪರಿಹಾರವಲ್ಲ. ತಮಟೆಯಲ್ಲಿ ರಂಧ್ರವಿದ್ದರೆ ಅದರಿಂದ ಹಾನಿಯೇ ಹೆಚ್ಚು.

ನಡುಕಿವಿಯಲ್ಲಿ ಸುತ್ತಿಗೆ, ಅಡಿಗಲ್ಲು ಮತ್ತು ರಿಕಾಪಿನ ಆಕಾರದ ಮೂರು ಮೂಳೆಗಳಿದ್ದು, ತಮಟೆಯ ಕಂಪನವನ್ನು ಒಳಕಿವಿಗೆ ಮುಟ್ಟಿಸುತ್ತವೆ. ರಿಕಾಪು ಸುಮಾರು 3 ಮಿ.ಮೀ. ಮಾತ್ರವಿದ್ದು, ದೇಹದ ಅತಿ ಚಿಕ್ಕ ಮೂಳೆಯಾಗಿದೆ. ಇಲ್ಲಿಂದ ಗಂಟಲಿನ ಮೇಲ್ಭಾಗಕ್ಕೆ ಯುಸ್ಟೇಷಿಯನ್ ನಾಳವಿದೆ. ಮಕ್ಕಳಲ್ಲಿ ಇದು ಗಿಡ್ಡವಾಗಿಯೂ ಹೆಚ್ಚು ಅಡ್ಡವಾಗಿಯೂ ಇರುವುದರಿಂದ ನೆಗಡಿಯ ಸೋಂಕು ಸುಲಭವಾಗಿ ನಡುಕಿವಿಗೆ ತಲುಪಿ ಕಿವಿ ಸೋರಲಾರಂಭಿಸುತ್ತದೆ. ಈ ಭಾಗದ ದೋಷಗಳು ಬಹುಮಟ್ಟಿಗೆ ಔಷಧ ಅಥವಾ ಶಸ್ತ್ರಚಿಕಿತ್ಸೆಯಿಂದ ಸರಿಹೋಗತಕ್ಕವುಗಳಾದ್ದರಿಂದ ಮೊದಲು ಚಿಕಿತ್ಸೆ ಪಡೆಯುವುದು ಸೂಕ್ತ.

ಒಳಕಿವಿಯ ಸ್ಥಿತಿ ಬೇರೆ. ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿರುವ ಕಾಕ್ಲಿಯಾದಲ್ಲಿ ಹುಟ್ಟಿನಿಂದ ಸುಮಾರು 15,000 ರೋಮಕೋಶಗಳಿದ್ದು, ಇವು ಕಂಪನವನ್ನು ನರಸಂಕೇತವಾಗಿ ಮಾರ್ಪಡಿಸುತ್ತವೆ. ಒಮ್ಮೆ ನಾಶವಾದ ರೋಮಕೋಶ ಮರಳಿ ಬೆಳೆಯುವುದಿಲ್ಲ. ಮರ ಕೊಯ್ಯುವ ಯಂತ್ರ, ಕಳೆ ಕತ್ತರಿಸುವ ಯಂತ್ರ ಮುಂತಾದವುಗಳೊಡನೆ ಪ್ರತಿದಿನ ದುಡಿಯುವವರು ಕಿವಿರಕ್ಷಕ ಧರಿಸಬೇಕೆನ್ನುವುದು ಇದೇ ಕಾರಣಕ್ಕೆ. ಪಕ್ಕದಲ್ಲಿರುವ ಮೂರು ಅರ್ಧವೃತ್ತಾಕಾರದ ನಾಳಗಳು ದೇಹದ ಸಮತೋಲನಕ್ಕೆ ಸಂಬಂಧಿಸಿದವು. ತಲೆಸುತ್ತಿಗೆ ಕಿವಿ ಪರೀಕ್ಷಿಸುವುದು ಇದರಿಂದಲೇ.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಮಾತಿನ ಆವರ್ತನಗಳಲ್ಲಿ ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ಶ್ರವಣ ನಷ್ಟವಿದ್ದವರನ್ನು ಕಿವುಡರೆಂದೂ, 60ರಿಂದ 70 ಡೆಸಿಬೆಲ್ ನಷ್ಟವಿದ್ದವರನ್ನು ಮಂದ ಶ್ರವಣದವರೆಂದೂ ಪರಿಗಣಿಸಲಾಗುತ್ತದೆ. ಒಂದೇ ಕಿವಿ ಕೇಳದಿರುವವರು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಮೀಸಲಾತಿಯಂತಹ ಸೌಲಭ್ಯಗಳಿಗೆ ಶೇ. 40ಕ್ಕೆ ಕಡಿಮೆಯಿಲ್ಲದ ನ್ಯೂನತೆ ದೃಢಪಡತಕ್ಕದ್ದು.

ಅರ್ಜಿಯನ್ನು ಸ್ವಾವಲಂಬನ್ ಜಾಲತಾಣದಲ್ಲಿ ಭಾವಚಿತ್ರ, ಗುರುತಿನ ದಾಖಲೆ ಮತ್ತು ವಿಳಾಸದ ದಾಖಲೆಯೊಂದಿಗೆ ಸಲ್ಲಿಸಬಹುದು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಅಥವಾ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ನೆರವನ್ನು ಪಡೆಯಬಹುದಾಗಿದೆ. ಗುಗ್ಗೆ ಕಟ್ಟಿಕೊಂಡಿದ್ದರೆ ಅಳತೆ ತಪ್ಪಾಗುವುದರಿಂದ, ದೂರದ ಊರುಗಳಿಂದ ಚಿಕ್ಕಮಗಳೂರಿಗೆ ಹೋಗುವವರು ಮೊದಲೇ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ ತೋರಿಸಿಕೊಂಡು ಹೋದಲ್ಲಿ ಎರಡನೇ ಪ್ರಯಾಣ ತಪ್ಪುತ್ತದೆ.

ಶಬ್ದಕ್ಕೆ ಉತ್ತರ ಹೇಳಲಾರದ ಶಿಶುಗಳಿಗೆ ಬೇರಾ ಪರೀಕ್ಷೆ ಮಾಡಲಾಗುತ್ತದೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಈ ಸೌಲಭ್ಯವಿದೆ. ದೊಡ್ಡ ಶಬ್ದಕ್ಕೂ ಬೆಚ್ಚದ ಮಗುವನ್ನು, ಮಾತು ತಡವಾಗಿ ಬಂದೀತೆಂದು ಕಾಯದೆ, ಕೂಡಲೇ ಪರೀಕ್ಷೆಗೆ ಕರೆತರತಕ್ಕದ್ದು.