ಅಕ್ಕಡಿ ಸಾಲು ಮತ್ತು ಬೇರುಗಂಟು: ಹುಣಸೂರು ಸೀಮೆಯ ಬೇಸಾಯದ ಚರಿತ್ರೆಗೆ ಸಂಬಂಧಿಸಿದ ಒಂದು ವಿಚಾರ

ರಾಜ್ಯಗಳ ಏಳುಬೀಳುಗಳಿಗೆ ಶಾಸನಗಳೂ ಕಡತಗಳೂ ಸಾಕ್ಷಿ ನುಡಿಯುತ್ತವೆ. ಮಣ್ಣಿನ ಫಲವತ್ತತೆಯ ಚರಿತ್ರೆಗಾದರೋ ಅಂಥ ಆಧಾರಗಳು ವಿರಳ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯು ನಾಗರಹೊಳೆಯ ಕಾಡಿನ ಅಂಚಿನಲ್ಲಿದೆ. ಇಲ್ಲಿಂದ ಪಶ್ಚಿಮಕ್ಕೆ ಸಾಗಿದಂತೆ ಮಳೆ ಹೆಚ್ಚುತ್ತದೆ. ಮಳೆಯ ನೀರು ಕೆಂಪು ಮಣ್ಣಿನಲ್ಲಿರುವ ಸುಣ್ಣದಂಥ ಕ್ಷಾರಾಂಶಗಳನ್ನು ತೊಳೆದೊಯ್ಯುವುದರಿಂದ ನೆಲ ಹುಳಿಯ ಕಡೆಗೆ ತಿರುಗುತ್ತದೆ. ಇಂಥ ನೆಲದಲ್ಲಿ ದ್ವಿದಳ ಬೆಳೆಗಳು ತಲೆಮಾರುಗಳ ಕಾಲ ಹೇಗೆ ನಿಂತವೆಂಬುದೇ ನಾವು ಇಲ್ಲಿ ವಿಚಾರಿಸಹೊರಟಿರುವ ಪ್ರಶ್ನೆ.

೧೮೦೦ರಲ್ಲಿ ಮೈಸೂರು ದೇಶದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳನ್ನೂ ಹಾದುಹೋದನು. ೧೮೦೭ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ, ಮೈಸೂರಿನ ರೈತರು ರಾಗಿಯ ನಡುವೆ ಅವರೆ ತೊಗರಿಗಳನ್ನು ಸಾಲುಗಳಲ್ಲಿ ಬಿತ್ತುತ್ತಿದ್ದ ಕ್ರಮದ ವಿವರಣೆ ಇದೆ. ನಮ್ಮ ರೈತರು ಇದನ್ನೇ ಅಕ್ಕಡಿ ಸಾಲು ಎನ್ನುತ್ತಾರೆ. ಕೂರಿಗೆಯಿಂದ ರಾಗಿ ಬಿತ್ತುವಾಗ ನಿಯತವಾದ ಅಂತರದಲ್ಲಿ ಒಂದು ಸಾಲನ್ನು ಸಡ್ಡೆಗೆ ಬಿಟ್ಟು, ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳುಗಳನ್ನು ಹಾಕುವುದು ವಾಡಿಕೆ. ಬಡ ನೆಲಕ್ಕೆ ಹುರುಳಿ ಮೀಸಲು.

ಈ ಪದ್ಧತಿಯ ಒಳಗುಟ್ಟು ಯೂರೋಪಿನ ವಿದ್ವಾಂಸರಿಗೆ ತಿಳಿದುದು ತಡವಾಗಿ. ಬೇರುಗಂಟುಗಳ ಮೂಲಕ ದ್ವಿದಳ ಸಸ್ಯಗಳು ಗಾಳಿಯ ಸಾರಜನಕವನ್ನು ಬಳಸಿಕೊಳ್ಳುತ್ತವೆಂದು ಜರ್ಮನಿಯ ಹೆಲ್‌ರೀಗೆಲ್ ೧೮೮೬ರಲ್ಲಿ ಸಾರಿದನು. ಅವನೂ ವಿಲ್‌ಫಾರ್ಟನೂ ೧೮೮೮ರಲ್ಲಿ ಅದನ್ನು ಸವಿಸ್ತಾರವಾಗಿ ಪ್ರಕಟಿಸಿದರು. ಅದೇ ವರ್ಷ ಹಾಲೆಂಡಿನ ಬೈಯರಿಂಕ್ ಗಂಟಿನೊಳಗಿನ ಅಣುಜೀವಿಯನ್ನು ಪ್ರತ್ಯೇಕಿಸಿದನು. ೧೮೯೬ರ ಹೊತ್ತಿಗೆ ‘ನೈಟ್ರಾಜಿನ್’ ಎಂಬ ಹೆಸರಿನಲ್ಲಿ ಅಣುಜೀವಿಯ ಪಾಕ ಮಾರಾಟಕ್ಕೆ ಬಂದಿತು. ಭಾರತದಲ್ಲಿ ಎನ್. ವಿ. ಜೋಶಿಯವರು ೧೯೨೦ರಲ್ಲಿ ಬೇರುಗಂಟಿನ ಅಣುಜೀವಿಗಳ ಮೇಲೆ ಪ್ರಬಂಧ ಪ್ರಕಟಿಸಿದರು.

ಹುಳಿಮಣ್ಣಿನ ಸಮಸ್ಯೆ ಇದಕ್ಕಿಂತ ಜಟಿಲವಾದುದು. ರಸಸಾರವು ೫.೫ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿಗೆ ವಿಷವಾಗುತ್ತದೆ, ರಂಜಕ, ಮಾಲಿಬ್ಡಿನಂಗಳು ಸಸ್ಯಕ್ಕೆ ದೊರೆಯದಂತಾಗುತ್ತವೆ, ಸುಣ್ಣಾಂಶ ಕುಗ್ಗುತ್ತದೆ. ಸಾರಜನಕವನ್ನು ಹಿಡಿದಿಡುವ ಕಿಣ್ವಕ್ಕೆ ಮಾಲಿಬ್ಡಿನಂ ಅತ್ಯಗತ್ಯ. ಬೇರಿಗೂ ಅಣುಜೀವಿಗೂ ನಡೆಯುವ ರಾಸಾಯನಿಕ ಸಂಜ್ಞೆಗಳ ವಿನಿಮಯವೇ ಕುಂಠಿತವಾಗಿ, ಗಂಟು ಮೂಡುವುದೇ ಅಪರೂಪವಾಗಬಹುದು. ಆದರೆ ಎಲ್ಲ ಅಣುಜೀವಿಗಳೂ ಸಮಾನವಾಗಿ ದುರ್ಬಲವಲ್ಲ. ಉಷ್ಣವಲಯದ ದ್ವಿದಳ ಸಸ್ಯಗಳೊಡನೆ ಬಾಳುವ, ನಿಧಾನವಾಗಿ ಬೆಳೆದು ಕ್ಷಾರವನ್ನು ಉತ್ಪಾದಿಸುವ ಜಾತಿಗಳು ಹುಳಿನೆಲಕ್ಕೆ ಒಗ್ಗಿದವೆಂದು ಆಸ್ಟ್ರೇಲಿಯದ ನಾರಿಸ್ ೧೯೬೫ರಲ್ಲಿ ಪ್ರತಿಪಾದಿಸಿದನು. ಈ ವಾದಕ್ಕೆ ಅಪವಾದಗಳುಂಟು. ಹುಳಿಯನ್ನು ಚೆನ್ನಾಗಿ ಸಹಿಸುವ, ಶೀಘ್ರವಾಗಿ ಬೆಳೆಯುವ ಜಾತಿಯೊಂದನ್ನು ೧೯೯೧ರಲ್ಲಿ ವರ್ಣಿಸಲಾಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಅವರೆ, ತೊಗರಿ, ಅಲಸಂದೆ, ಹುರುಳಿ ಇವು ನಾಲ್ಕೂ ಬಹುಮಟ್ಟಿಗೆ ಒಂದೇ ಬಳಗದ ಅಣುಜೀವಿಗಳಿಗೆ ಆಶ್ರಯ ಕೊಡುತ್ತವೆ. ಈ ವರ್ಷ ಅವರೆಯ ಸಾಲು, ಮುಂದಿನ ವರ್ಷ ಅಲಸಂದೆ, ಮತ್ತೊಮ್ಮೆ ಹುರುಳಿ ಎಂದು ಬೆಳೆ ಬದಲಾದರೂ ಅಣುಜೀವಿಯ ಸಂತತಿ ಮುರಿಯಲಿಲ್ಲ. ಹೀಗೆ ಹುಳಿಯನ್ನು ತಾಳಿಕೊಂಡ ವಂಶಗಳೇ ನೆಲದಲ್ಲಿ ಉಳಿದುಬಂದವೆಂದು ಊಹಿಸುವುದು ಯುಕ್ತ. ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತೆಂಬ ಹೆಮ್ಮೆಯನ್ನೂ, ರೈತನದು ಬರಿಯ ರೂಢಿಯೆಂಬ ತಾತ್ಸಾರವನ್ನೂ ನಾವು ಒಪ್ಪಲಾರೆವು. ರೈತನು ಅಣುಜೀವಿಯನ್ನು ಕಂಡವನಲ್ಲ; ಆದರೆ ಅದನ್ನು ಸಾಕಿದವನು ಅವನೇ.

ಈ ಸಾಕಣೆ ಇಂದು ಸಡಿಲವಾಗಿದೆ. ಹುಣಸೂರು, ಪಿರಿಯಾಪಟ್ಟಣ ಸೀಮೆಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪು ಮುಖ್ಯ ವಾಣಿಜ್ಯ ಬೆಳೆಯಾಯಿತು. ೧೯೭೬ರಲ್ಲಿ ತಂಬಾಕು ಮಂಡಳಿ ಸ್ಥಾಪಿತವಾದ ಮೇಲೆ ಅದರ ವ್ಯವಹಾರಕ್ಕೆ ಕ್ರಮಬದ್ಧತೆ ಬಂದಿತು. ಸಾರಜನಕ ಮಿತಿಮೀರಿದರೆ ಈ ಎಲೆಯ ಗುಣ ಕೆಡುತ್ತದೆ. ರಾಗಿಗೆ ವರವಾದ ದ್ವಿದಳದ ಉಳಿಕೆ ಇಲ್ಲಿ ಲೆಕ್ಕಹಾಕಿ ಬಳಸಬೇಕಾದ ವಸ್ತುವಾಯಿತು. ಹೊಗೆಸೊಪ್ಪಿನ ಬಳಿಕ ಹುರುಳಿಯನ್ನೋ ಅವರೆಯನ್ನೋ ಬಿತ್ತುವ ಹೊಲಗಳಲ್ಲಿ ಹಳೆಯ ನಂಟು ಉಳಿದಿದೆ. ಎಲ್ಲಿ ದ್ವಿದಳ ಬೆಳೆ ವರ್ಷಗಟ್ಟಲೆ ಬಾರದೋ ಅಲ್ಲಿ, ಹುಳಿನೆಲದಲ್ಲಂತೂ, ಆಶ್ರಯವಿಲ್ಲದ ಅಣುಜೀವಿಗಳ ಸಂಖ್ಯೆ ಕುಗ್ಗುತ್ತದೆ. ಹೊರಗಿನಿಂದ ತಂದ ಪಾಕ ಆ ಸ್ಥಾನವನ್ನು ಯಾವಾಗಲೂ ತುಂಬಲಾರದು; ಬೇರೆ ಮಣ್ಣಿನಿಂದ ಬಂದ ವಂಶ ಈ ಹುಳಿಯಲ್ಲಿ ಬದುಕೀತೆಂಬ ಭರವಸೆ ಇಲ್ಲ.

ಆದ್ದರಿಂದ ಅಕ್ಕಡಿ ಸಾಲು ಇನ್ನೂ ಉಳಿದಿರುವ ಹೊಲಗಳು ನಮ್ಮ ಪಾಲಿಗೆ ದಫ್ತರಖಾನೆಗಳಿಗೆ ಸಮಾನ. ಅವುಗಳನ್ನು ಓದುವ ವಿಧಾನ ಕಾಲೇಜಿನ ಪ್ರಯೋಗಶಾಲೆಗೂ ಎಟುಕತಕ್ಕದ್ದು. ಹೂ ಬಿಡುವ ಕಾಲದಲ್ಲಿ ಗಿಡವನ್ನು ಬೇರುಸಹಿತ ಅಗೆದು, ಒಳಗೆ ನಸುಗೆಂಪಾಗಿರುವ ಗಂಟುಗಳನ್ನು ಆರಿಸಬೇಕು. ಗಂಟಿನ ಹೊರಮೈಯನ್ನು ಕ್ರಿಮಿರಹಿತಗೊಳಿಸಿ, ಅರೆದು, ಯೀಸ್ಟ್‌ಸಾರ ಮತ್ತು ಮ್ಯಾನಿಟಾಲ್ ಬೆರೆಸಿದ ಅಗರ್ ಮೇಲೆ ಬೆಳೆಸಬೇಕು. ಬ್ರೋಮೋಥೈಮಾಲ್ ನೀಲಿಯನ್ನು ಸೇರಿಸಿದಲ್ಲಿ, ಹಳದಿಗೆ ತಿರುಗಿದರೆ ಆಮ್ಲವೂ ನೀಲಿಗೆ ತಿರುಗಿದರೆ ಕ್ಷಾರವೂ ಉಂಟಾಯಿತೆಂದು ತಿಳಿಯಬಹುದು. ಬಳಿಕ ರಸಸಾರ ೪.೫ರ ಮಾಧ್ಯಮದಲ್ಲಿ ಅವು ಬದುಕುವುವೇ ಎಂದು ನೋಡಿ, ಕೊನೆಗೆ ಕುಂಡದ ಗಿಡಕ್ಕೆ ಹಾಕಿ ಮತ್ತೆ ಗಂಟು ಮೂಡುವುದೇ ಎಂದು ಪರೀಕ್ಷಿಸಬೇಕು. ಆ ಹೊಲದ ಬೆಳೆಗಳ ಹಿಂದಿನ ವೃತ್ತಾಂತವನ್ನು ರೈತರಿಂದ ಕೇಳಿ ಬರೆದಿಡುವ ಕೆಲಸ ಚರಿತ್ರೆಯ ವಿದ್ಯಾರ್ಥಿಗೆ ಸೇರಿದ್ದು. ಎರಡು ವಿಭಾಗಗಳು ಕೂಡಿ ಈ ಕಾರ್ಯವನ್ನು ಕೈಗೊಳ್ಳುವುದು ಅವಶ್ಯಕ. ಅಕ್ಕಡಿ ಬಿತ್ತಿದ ಹಿರಿಯರು ಇನ್ನೂ ನಮ್ಮೊಡನಿರುವಾಗಲೇ ಅದು ನಡೆಯತಕ್ಕದ್ದು.