ಕಾತಂತ್ರವೂ ಪರಭಾಷಾಭ್ಯಾಸವೂ

ಮಾತೃಭಾಷೆಯು ಶಿಶುವಿಗೆ ವೃದ್ಧವ್ಯವಹಾರದಿಂದ ಲಭಿಸುವುದೆಂಬುದು ಮೀಮಾಂಸಕರ ಪ್ರಸಿದ್ಧವಾದ ಸಿದ್ಧಾಂತ. ಹಿರಿಯನೊಬ್ಬನು ‘ಹಸುವನ್ನು ತಾ’ ಎನ್ನುವನು, ಮತ್ತೊಬ್ಬನು ತರುವನು. ‘ಹಸುವನ್ನು ಕಟ್ಟು’, ‘ಕುದುರೆಯನ್ನು ತಾ’ ಎಂಬ ಮಾತುಗಳನ್ನು ಕೇಳುತ್ತ, ಅವುಗಳಿಂದಾಗುವ ಕಾರ್ಯಗಳನ್ನು ನೋಡುತ್ತ, ಪದಗಳ ಆವಾಪೋದ್ವಾಪಗಳಿಂದ ಬಾಲಕನು ಒಂದೊಂದು ಪದದ ಅರ್ಥವನ್ನೂ ವಿಂಗಡಿಸಿಕೊಳ್ಳುವನು. ಆದರೆ ಒಂದು ಭಾಷೆಯಲ್ಲಿ ಬೆಳೆದವನು ಮತ್ತೊಂದನ್ನು ಸಂಪಾದಿಸುವ ಬಗೆ ಯಾವುದು? ಲಕ್ಷಣಗ್ರಂಥವೇ ಸಾಕೆ, ವ್ಯವಹಾರವೂ ಬೇಕೆ? ಶಬ್ದಶಾಸ್ತ್ರದ ಇತಿಹಾಸದಲ್ಲಿ ಈ ಪ್ರಶ್ನೆಗೆ ದೊರೆಯುವ ಉತ್ತರವನ್ನು ಕಾತಂತ್ರವ್ಯಾಕರಣದ ಮೂಲಕ ವಿಚಾರಿಸುವುದು ಈ ಲೇಖನದ ಉದ್ದೇಶ.

ಕಾತಂತ್ರದ ಉತ್ಪತ್ತಿಯ ಕಥೆಯು ಸೋಮದೇವನ ಕಥಾಸರಿತ್ಸಾಗರದಲ್ಲಿದೆ. ಸಾತವಾಹನ ರಾಜನು ಜಲಕ್ರೀಡೆಯಲ್ಲಿದ್ದಾಗ ರಾಣಿಯೊಬ್ಬಳು ನೀರೆರಚಬೇಡವೆಂದು ಸಂಸ್ಕೃತದಲ್ಲಿ ಬೇಡಿದಳು. ‘ಮಾ’, ‘ಉದಕೈಃ’ ಎಂಬ ಎರಡು ಪದಗಳು ಸೇರಿ ‘ಮೋದಕೈಃ’ ಎಂದಾದುದನ್ನು ಅರಿಯದೆ ಅರಸನು ಮೋದಕಗಳನ್ನು ತರಿಸಿ ಪರಿಹಾಸ್ಯಕ್ಕೆ ಗುರಿಯಾದನು. ವ್ಯಾಕರಣವನ್ನು ಆರು ವರ್ಷಗಳಲ್ಲಿ ಕಲಿಸುವೆನೆಂದು ಗುಣಾಢ್ಯನು ಹೇಳಿದನು. ಶರ್ವವರ್ಮನು ಆರೇ ತಿಂಗಳುಗಳಲ್ಲಿ ಕಲಿಸುವೆನೆಂದು ಪಣತೊಟ್ಟು, ಕುಮಾರಸ್ವಾಮಿಯ ಪ್ರಸಾದದಿಂದ ಈ ವ್ಯಾಕರಣವನ್ನು ಪಡೆದು ಗೆದ್ದನು.

ಸೋಮದೇವನು 11ನೆಯ ಶತಮಾನದವನು. ಸಾತವಾಹನರ ಆಳ್ವಿಕೆಯು 3ನೆಯ ಶತಮಾನದಲ್ಲಿಯೇ ಮುಗಿದುಹೋಯಿತು. ಆದುದರಿಂದ ಕಥೆಯನ್ನು ನಡೆದ ಸಂಗತಿಯೆಂದು ಸ್ವೀಕರಿಸಲಾಗದು. ಆದರೂ ಅದನ್ನು ಕಟ್ಟಿದವರು ಕಾತಂತ್ರದ ಸ್ವರೂಪವನ್ನು ಚೆನ್ನಾಗಿ ಬಲ್ಲವರೆಂಬುದು ಸ್ಪಷ್ಟ. ಅರಸನು ಎಡವಿದುದು ಸಂಧಿಯಲ್ಲಿ. ಕಾತಂತ್ರವು ಮೊದಲುಮಾಡುವುದೂ ಸಂಧಿಪ್ರಕರಣದಿಂದಲೇ. ಪಾಣಿನಿಯಲ್ಲಾದರೋ ಸಂಧಿಸೂತ್ರಗಳಲ್ಲಿ ಬಹುಭಾಗವು ಆರನೆಯ ಮತ್ತು ಎಂಟನೆಯ ಅಧ್ಯಾಯಗಳಲ್ಲಿ ಹಂಚಿಹೋಗಿದೆ.

ಈ ಭೇದಕ್ಕೆ ಕಾರಣವನ್ನು ಅಧ್ಯೇತೃಗಳ ಭೇದದಲ್ಲಿಯೇ ಹುಡುಕಬೇಕು. ಅಷ್ಟಾಧ್ಯಾಯಿಯನ್ನು ಓದದೆಯೇ ಸಾಧುಶಬ್ದಗಳನ್ನಾಡುವ ಆರ್ಯಾವರ್ತದ ಶಿಷ್ಟರನ್ನು ಪತಂಜಲಿಯು ಮಹಾಭಾಷ್ಯದಲ್ಲಿ ಹೇಳುತ್ತಾನೆ. ಅಂಥವರ ಮಾತಿಗೆ ಪಾಣಿನಿಯ ಸೂತ್ರಗಳು ಲಕ್ಷಣವಾದುವು. ಕಾತಂತ್ರವು ಆ ಮಾತು ಮನೆಯಲ್ಲಿ ಕಿವಿಗೆ ಬೀಳದವರಿಗಾಗಿ ಹೊರಟಿತು. ಪಾಣಿನಿಯಲ್ಲಿ ಸುಮಾರು 4000 ಸೂತ್ರಗಳಿದ್ದರೆ ಇಲ್ಲಿ ಕೃತ್ಪ್ರಕರಣವೂ ಸೇರಿ ಸುಮಾರು 1400. ವೈದಿಕಪ್ರಕ್ರಿಯೆಯು ಇಲ್ಲಿಲ್ಲ. ಅಚ್, ಹಲ್ ಎಂಬ ಪ್ರತ್ಯಾಹಾರಗಳಿಗೆ ಬದಲಾಗಿ ಸ್ವರ, ವ್ಯಂಜನಗಳೆಂಬ ಲೋಕಸಿದ್ಧವಾದ ಹೆಸರುಗಳಿವೆ. ಲಟ್, ಲಙ್ ಎಂಬ ಸಂಕೇತಗಳಿಗೆ ಬದಲಾಗಿ ವರ್ತಮಾನಾ, ಹ್ಯಸ್ತನೀ ಎಂಬ, ಕೇಳಿದೊಡನೆ ಅರ್ಥ ಹೊಳೆಯುವ ಸಂಜ್ಞೆಗಳಿವೆ. ಸಂಧಿ, ನಾಮ, ಆಖ್ಯಾತಗಳೆಂಬ ಕ್ರಮವು ವಿದ್ಯಾರ್ಥಿಯ ಅವಶ್ಯಕತೆಯನ್ನೇ ಅನುಸರಿಸುತ್ತದೆ. ಮಧ್ಯ ಏಷ್ಯದ ಕೂಚಾ ಪ್ರಾಂತದಲ್ಲಿ, ತೊಖಾರೀ ಭಾಷೆಯನ್ನಾಡುತ್ತಿದ್ದ ಜನರ ನಾಡಿನಲ್ಲಿ, ಈ ಗ್ರಂಥದ ಹಸ್ತಪ್ರತಿಗಳ ತುಣುಕುಗಳು ದೊರೆತಿರುವುದೂ ಇದು ಟಿಬೆಟ್ಟಿನ ಭಾಷೆಗೆ ಅನುವಾದವಾದುದೂ ಈ ಅಭಿಪ್ರಾಯವನ್ನು ದೃಢಪಡಿಸುತ್ತವೆ.

ಸಂಕ್ಷೇಪದಿಂದ ಶಾಸ್ತ್ರವು ಊನವಾಗಲಿಲ್ಲವೆ ಎಂದು ಪಾಣಿನೀಯರು ಆಕ್ಷೇಪಿಸಬಹುದು. ಪೂರ್ಣತೆಯ ದೃಷ್ಟಿಯಿಂದ ಆಕ್ಷೇಪವು ಸರಿಯೇ. ಆದರೆ ಬೃಹಸ್ಪತಿಯು ಇಂದ್ರನಿಗೆ ಸಹಸ್ರ ದಿವ್ಯವರ್ಷಗಳ ಕಾಲ ಶಬ್ದಗಳನ್ನು ಒಂದೊಂದಾಗಿ ಹೇಳಿದರೂ ಕೊನೆಗಾಣಲಿಲ್ಲವೆಂದು ಮಹಾಭಾಷ್ಯಕಾರನೇ ಹೇಳಿ, ಅಲ್ಪಯತ್ನದಿಂದ ಮಹತ್ತಾದ ಶಬ್ದರಾಶಿಯನ್ನು ಹಿಡಿಯಲೆಂದೇ ಸಾಮಾನ್ಯವಿಶೇಷರೂಪವಾದ ಲಕ್ಷಣವೆಂದು ನಿರ್ಣಯಿಸಿದ್ದಾನೆ. ಕಾತಂತ್ರಕಾರನು ಆ ಪ್ರಯೋಜನವನ್ನೇ ಪರಭಾಷಿಕನ ಶಕ್ತಿಗೆ ಹೊಂದಿಸಿದನು.

ಇಷ್ಟರಿಂದ ಲಕ್ಷಣವೊಂದೇ ಸಾಕೆಂದು ತೀರ್ಮಾನಿಸಲಾಗದು. ಪಣದಲ್ಲಿ ಸೋತ ಗುಣಾಢ್ಯನು ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ತೊರೆದು ಮೌನಿಯಾಗಿ ವಿಂಧ್ಯಾರಣ್ಯವನ್ನು ಹೊಕ್ಕನು. ಅಲ್ಲಿ ಪಿಶಾಚರು ತಮ್ಮೊಳಗೆ ಮಾತನಾಡಿಕೊಳ್ಳುವುದನ್ನು ದೂರದಿಂದ ಕೇಳಿ ಕೇಳಿಯೇ ಪೈಶಾಚಿಯನ್ನು ಕಲಿತನು. ಆ ಭಾಷೆಯಲ್ಲಿಯೇ ಬೃಹತ್ಕಥೆಯು ಹುಟ್ಟಿತೆಂಬುದು ಕಥೆಯ ಉತ್ತರಾರ್ಧ. ಅರಸನಿಗೆ ಲಕ್ಷಣದಿಂದ ಲಜ್ಜೆ ನೀಗಿತು. ಕಿವಿಯಿಂದ ಕಲಿತವನಿಗೆ ಕಾವ್ಯವೇ ಕೈಗೂಡಿತು. ಒಂದೇ ಕಥೆಯು ಎರಡು ಮಾರ್ಗಗಳನ್ನೂ ತೋರಿಸುತ್ತಿರುವುದು ಗಮನಾರ್ಹ.

ಕನ್ನಡದ ಇತಿಹಾಸದಲ್ಲಿ ಈ ಎರಡು ಮಾರ್ಗಗಳೂ ಒಂದೆಡೆ ಕೂಡಿದುದಕ್ಕೆ ನಿದರ್ಶನವಿದೆ. ಕಾತಂತ್ರದ ಸರಣಿಯನ್ನು ಬಹುಮಟ್ಟಿಗೆ ಅನುಸರಿಸಿ ಕೇಶಿರಾಜನು ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ಸಂಧಿಯಿಂದಲೇ ಆರಂಭಿಸಿದನು. ಸೂತ್ರಗಳಿಗೆ ಪೂರ್ವಕವಿಗಳ ಪ್ರಯೋಗಗಳನ್ನೂ ಜೊತೆಗೂಡಿಸಿದನು. ಆರು ಶತಮಾನಗಳ ತರುವಾಯ, 1853ರಲ್ಲಿ ಜರ್ಮನಿಯಿಂದ ಬಂದ ಫರ್ಡಿನಂಡ್ ಕಿಟ್ಟೆಲ್ಲರು ಆ ಗ್ರಂಥವನ್ನು 1872ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದರು. 1903ರಲ್ಲಿ ಹೊರಬಂದ ಅವರ ಕನ್ನಡ ವ್ಯಾಕರಣಕ್ಕೂ ಕೇಶಿರಾಜನೇ ಆಧಾರ. ಆದರೆ ಅವರು ಸೂತ್ರಗಳಲ್ಲಿಯೇ ನಿಲ್ಲಲಿಲ್ಲ. 1894ರ ನಿಘಂಟಿನಲ್ಲಿ ಪ್ರಾಚೀನ ಕಾವ್ಯಪ್ರಯೋಗಗಳೊಡನೆ ಜನರ ಬಾಯಲ್ಲಿದ್ದ ಗಾದೆಗಳನ್ನೂ ಹೇರಳವಾಗಿ ತುಂಬಿದರು. ಪರಭಾಷಿಕರಿಗಾಗಿ ಹುಟ್ಟಿದ ಕಾತಂತ್ರದ ಕ್ರಮವು ಕೇಶಿರಾಜನ ಕೈಯಿಂದ ಮತ್ತೊಬ್ಬ ಪರಭಾಷಿಕನಿಗೆ ದಾರಿಯಾಯಿತು. ಗುಣಾಢ್ಯನ ಶ್ರವಣವು ಅದಕ್ಕೆ ಜೀವವನ್ನು ಕೊಟ್ಟಿತು.

ಆದುದರಿಂದ ಫಲಿತಾಂಶವಿಷ್ಟು: ಪರಭಾಷೆಯನ್ನು ಕಲಿಸುವ ಲಕ್ಷಣಗ್ರಂಥವು ಶಾಸ್ತ್ರದ ಸ್ವಂತ ಕ್ರಮವನ್ನು ಬಿಟ್ಟು ಕಲಿಯುವವನು ಎಡವುವ ಎಡೆಯಿಂದ ಮೊದಲಾಗಬೇಕು, ಆಮೇಲೆ ಅವನನ್ನು ಪ್ರಯೋಗಕ್ಕೆ ಒಪ್ಪಿಸಿಬಿಡಬೇಕು. ರೂಪಗಳನ್ನು ಒಪ್ಪಿಸಿ ವಾಕ್ಯವನ್ನಾಡಲಾರದ ವಿದ್ಯಾರ್ಥಿಯೂ, ಮಾತನಾಡಿ ಸಂಧಿಯನ್ನು ಬಿಡಿಸಲಾರದ ವಿದ್ಯಾರ್ಥಿಯೂ ನಮ್ಮ ಪಾಠಶಾಲೆಗಳಲ್ಲಿ ಇರುವವರೆಗೆ ಶರ್ವವರ್ಮ ಗುಣಾಢ್ಯರ ಪಣವು ತೀರಿತೆನ್ನಲಾಗದು. ಭಾಷಾಧ್ಯಾಪಕರು ಇದನ್ನು ವಿಮರ್ಶಿಸಬೇಕೆಂದು ವಿಜ್ಞಾಪನೆ.